ದ್ರವ ಹರಳಿನ ಚಂದ್ರಶೇಖರ್

ಎಸ್. ಚಂದ್ರಶೇಖರ್ ಅಂತ ಗೂಗಲ್‌ನಲ್ಲಿ ಹುಡುಕಿದ್ರೆ ಮೊದಲು ಸಿಗೋದು ನಕ್ಷತ್ರಗಳ ಚಂದ್ರಶೇಖರ್. 1983ರಲ್ಲಿ ನೊಬೆಲ್ ಪಡೆದವರು. ನಾನು ಬರೀತಿರೋದು ಅವರ ಬಗ್ಗೆ ಅಲ್ಲ. ಇವರು ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರೂ ಸರ್ ಸಿ.ವಿ. ರಾಮನ್ ಅವರ ಮನೆತನದವರೇ. ನಕ್ಷತ್ರದವರು ರಾಮನ್ ಅವರ ಅಣ್ಣನ ಮಗ, ಇವರು ಸಹೋದರಿಯ ಮಗ. ತಮಾಷೆ ಅಂದ್ರೆ ಅದೇ 1983ರಲ್ಲಿ ಇವರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಆ ವರ್ಷ ಪೇಪರ್‌ನಲ್ಲಿ ಯಾವ ಚಂದ್ರಶೇಖರ್ ಫೋಟೋ ದೊಡ್ಡದಾಗಿ ಬಂದಿರುತ್ತೆ ಅಂತ ನೀವೇ ಊಹಿಸಿ.

ಆದರೆ ಇಬ್ಬರಲ್ಲಿ ಯಾರ ವಿಷಯ ದಿನಾ ನಮ್ಮ ಕಣ್ಣ ಮುಂದೆ ಇದೆ ಅಂತ ಕೇಳಿದ್ರೆ, ಅದು ಇವರದ್ದೇ. ಲ್ಯಾಪ್‌ಟಾಪ್, ಲ್ಯಾಬ್ ಮಾನಿಟರ್, ಹಾಸ್ಟೆಲ್ ಟಿವಿ, ಪರೀಕ್ಷೆಗೆ ಒಯ್ಯೋ ಕ್ಯಾಲ್ಕುಲೇಟರ್, ಎಲ್ಲದರ ಗಾಜಿನ ನಡುವೆ ಇರೋದು ದ್ರವ ಹರಳು. ಎಲ್‌ಸಿಡಿ ಅನ್ನೋದರಲ್ಲಿ ಎಲ್‌ಸಿ ಅಂದ್ರೆ ಲಿಕ್ವಿಡ್ ಕ್ರಿಸ್ಟಲ್. ನಾವೆಲ್ಲ ಆ ಮೂರಕ್ಷರ ಸಾವಿರ ಸಲ ಹೇಳಿರ್ತೀವಿ, ಬಿಡಿಸಿ ನೋಡಿರಲ್ಲ.

ಚಂದ್ರಶೇಖರ್ ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತಾದಲ್ಲಿ. ಸೋದರಮಾವನಿಗೆ ನೊಬೆಲ್ ಬಂದ ವರ್ಷವೇ. ಓದಿದ್ದು ನಾಗಪುರದಲ್ಲಿ. 1951ರಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದು, ಮಾವ ಕಟ್ಟಿದ್ದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಕೂತರು. ಹರಳುಗಳ ಮೂಲಕ ಹೋಗುವ ಬೆಳಕಿನ ಕಂಪನದ ದಿಕ್ಕು ಹೇಗೆ ತಿರುಗುತ್ತೆ ಅನ್ನೋದು ಅವರ ವಿಷಯ. 1954ರಲ್ಲಿ ನಾಗಪುರ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಲ್ಯಾಬ್, ಅಲ್ಲಿ ಎರಡನೇ ಡಾಕ್ಟರೇಟ್, ನಂತರ ಲಂಡನ್‌ನಲ್ಲಿ ಸ್ವಲ್ಪ ಕಾಲ. ಬೆಳಕು ತಿರುಗೋ ಆ ಪಾಠ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಟಿವಿ ಬಿಚ್ಚೋವಾಗ ಬೇಕಾಗುತ್ತೆ.

ಇಂಥ ಬಯೋಡೇಟಾ ಇದ್ದವರು ಅಲ್ಲೇ ಉಳೀಬಹುದಿತ್ತು. ಇವರು 1961ರಲ್ಲಿ ಮೈಸೂರಿಗೆ ಬಂದರು, ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿ. ಆಗ ಮಾನಸಗಂಗೋತ್ರಿ ಕ್ಯಾಂಪಸ್ಸೇ ಹೊಸದು. ಮಂಡ್ಯದಿಂದ 45 ಕಿ.ಮೀ. ದೂರ, ಅಷ್ಟೇ. ಹೊಸ ಡಿಪಾರ್ಟ್‌ಮೆಂಟ್ ಅಂದ್ರೆ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ರೂಮು ಇರುತ್ತೆ, ಬೋರ್ಡು ಇರುತ್ತೆ, ಮೆಷೀನ್ ಇರಲ್ಲ. 1960ರ ದಶಕದ ಮಧ್ಯದಲ್ಲಿ ಅವರು ಆರಿಸಿಕೊಂಡ ವಿಷಯ ದ್ರವ ಹರಳು. ಆಗ ಆ ವಿಷಯವನ್ನು ಜಗತ್ತು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ರಾಮನ್ ಅವರ ವಿಷಯವೂ ಅದಲ್ಲ. ನನಗನ್ನಿಸೋದು, ಇದು ಜಾಣ ಆಯ್ಕೆ. ಒಳ್ಳೆ ಮೈಕ್ರೋಸ್ಕೋಪ್, ಎರಡು ಪೋಲರಾಯ್ಡ್, ಸ್ಯಾಂಪಲ್ ಬಿಸಿ ಮಾಡೋ ಒಂದು ಪುಟ್ಟ ಒಲೆ, ಮಿಕ್ಕಿದ್ದು ಪೆನ್ನು ಪೇಪರ್. ಇಷ್ಟಿದ್ರೆ ಶುರು ಮಾಡಬಹುದು. ಕೋಟಿ ರೂಪಾಯಿಯ ಉಪಕರಣ ಬಂದಮೇಲೆ ನೋಡೋಣ ಅಂತ ಕಾಯಬೇಕಿಲ್ಲ.

ಈಗ ದ್ರವ ಹರಳು ಅಂದ್ರೆ ಏನು ಅನ್ನೋದು. 1888ರಲ್ಲಿ ಪ್ರಾಗ್‌ನಲ್ಲಿ ರೈನಿಟ್ಜರ್ ಅನ್ನೋ ಸಸ್ಯವಿಜ್ಞಾನಿ ಕೊಲೆಸ್ಟರಾಲ್‌ನಿಂದ ಮಾಡಿದ ಒಂದು ವಸ್ತುವನ್ನು ಬಿಸಿ ಮಾಡ್ತಾ ಇದ್ದರು. 145 ಡಿಗ್ರಿ ಹತ್ತಿರ ಅದು ಕರಗಿ ಮಜ್ಜಿಗೆ ಥರ ಮಬ್ಬಾಯ್ತು. 178ರ ಹತ್ತಿರ ಮತ್ತೊಮ್ಮೆ ಕರಗಿದ ಹಾಗೆ ಪೂರ್ತಿ ತಿಳಿಯಾಯ್ತು. ಒಂದೇ ವಸ್ತುವಿಗೆ ಎರಡು ಕರಗೋ ಬಿಂದು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವ ಹರಳು: ಎಣ್ಣೆ ಥರ ಹರಿಯುತ್ತೆ, ಆದರೆ ಒಳಗಿನ ಅಣುಗಳು ಹರಳಿನ ಥರ ಒಂದು ಶಿಸ್ತು ಇಟ್ಟುಕೊಂಡಿರ್ತವೆ.

ಮಂಡ್ಯದವರಿಗೆ ಇದನ್ನ ವಿವರಿಸೋದು ಸುಲಭ. ಕಬ್ಬಿನ ಲಾರಿ ನೋಡಿ. ಕಟ್ಟಿದ ಕಬ್ಬೆಲ್ಲ ಸಾಲಾಗಿ, ಒಂದೇ ದಿಕ್ಕಿಗೆ, ಅಲುಗಾಡದ ಹಾಗೆ ಇರುತ್ತೆ. ಅದು ಹರಳು. ಅದೇ ಕಬ್ಬನ್ನ ವಿಶ್ವೇಶ್ವರಯ್ಯ ನಾಲೆಗೆ ಸುರಿದ್ರೆ, ಜಲ್ಲೆಗಳು ಹಿಂದೆಮುಂದೆ ತೇಲ್ತವೆ, ಜಾಗಕ್ಕೆ ಲೆಕ್ಕ ಇಲ್ಲ, ಆದರೂ ಹೆಚ್ಚುಕಮ್ಮಿ ಎಲ್ಲದರ ತುದಿ ಒಂದೇ ಕಡೆ. ಅದು ದ್ರವ ಹರಳು, ಸರಿಯಾಗಿ ಹೇಳಬೇಕಂದ್ರೆ ನೆಮ್ಯಾಟಿಕ್. ಸುಳಿಗೆ ಸಿಕ್ಕಿ ದಿಕ್ಕಾಪಾಲಾದ್ರೆ ಮಾಮೂಲಿ ದ್ರವ. ಆ ಹೆಚ್ಚುಕಮ್ಮಿ ಅನ್ನೋದಕ್ಕೂ ಒಂದು ಅಳತೆ ಇದೆ, ಆರ್ಡರ್ ಪ್ಯಾರಾಮೀಟರ್. ಎಲ್ಲ ಒಂದೇ ದಿಕ್ಕಿಗಿದ್ರೆ 1, ದಿಕ್ಕೇ ಇಲ್ಲದಿದ್ರೆ 0. ಬಿಸಿ ಏರಿದ ಹಾಗೆ ಇದು ಹೇಗೆ ಇಳಿಯುತ್ತೆ, ಯಾವ ಡಿಗ್ರಿಯಲ್ಲಿ ದಿಢೀರ್ ಅಂತ ಸೊನ್ನೆಗೆ ಬೀಳುತ್ತೆ ಅನ್ನೋದಕ್ಕೆ ಅಣುಗಳ ಮಟ್ಟದಿಂದ ಲೆಕ್ಕ ಕಟ್ಟಿದವರಲ್ಲಿ ಚಂದ್ರಶೇಖರ್ ಮತ್ತು ಅವರ ಮೈಸೂರಿನ ವಿದ್ಯಾರ್ಥಿ ಎನ್.ವಿ. ಮಧುಸೂದನ ಮುಖ್ಯರು. ಆ ಕೆಲಸ ಪ್ರಕಟವಾದದ್ದು 1971ರಲ್ಲಿ. ಅದಕ್ಕೂ ಮೊದಲು 1968ರಲ್ಲಿ, ಸುರುಳಿ ಮೆಟ್ಟಿಲ ಥರ ತಿರುಚಿಕೊಂಡಿರೋ ದ್ರವ ಹರಳು ಬೆಳಕನ್ನು ಬಣ್ಣಬಣ್ಣವಾಗಿ ಪ್ರತಿಫಲಿಸೋದು ಹೇಗೆ ಅನ್ನೋದರ ಸಿದ್ಧಾಂತವನ್ನೂ ಮೈಸೂರಿನಿಂದಲೇ ಬರೆದಿದ್ದರು. ಬೆಂಗಳೂರಲ್ಲಿ ಹರಳಿನ ಬೆಳಕು, ಕೇಂಬ್ರಿಜ್‌ನಲ್ಲಿ ಎಕ್ಸ್-ರೇ, ಎರಡೂ ಇಲ್ಲಿ ಬಂದು ಸೇರಿದವು.

ಅದೇ 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ದ್ರವ ಹರಳಿನ ಡಿಸ್‌ಪ್ಲೇ ಅಂತ ಒಂದನ್ನು ಪತ್ರಕರ್ತರಿಗೆ ತೋರಿಸಿತು. ಮರೆತುಹೋದ ವಿಷಯ ಒಂದೇ ಸಲ ಎಲ್ಲರಿಗೂ ಬೇಕಾಯ್ತು. ಮೈಸೂರಿನ ಈ ಗುಂಪು ಅಷ್ಟೊತ್ತಿಗೆ ಕೆಲಸದ ಮಧ್ಯದಲ್ಲಿತ್ತು.

ಇಲ್ಲಿ ನಿಲ್ಲಿಸಿ ಟಿವಿಗೆ ಬರ್ತೀನಿ. ಈ ಮನುಷ್ಯನ ಲೆಕ್ಕ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಾಗೋದು ಟಿವಿ ಕೆಟ್ಟಾಗಲೇ.

ನಮ್ಮ ಹಾಸ್ಟೆಲ್ ಟಿವಿಯಲ್ಲಿ ಕಳೆದ ಸೆಮಿಸ್ಟರ್ ಎರಡು ತೊಂದರೆ ಒಟ್ಟಿಗೆ ಬಂತು. ನ್ಯೂಸ್ ಚಾನೆಲ್ ತೆಗೆದು ಮ್ಯಾಚ್ ಹಾಕಿದ್ರೂ ಕೆಳಗೆ ನ್ಯೂಸ್ ಪಟ್ಟಿಯ ನೆರಳು ಹಾಗೇ ನಿಂತಿರೋದು. ಜೊತೆಗೆ ಎಡಕ್ಕೆ ಬಲಕ್ಕೆ ಕಪ್ಪು ಪಟ್ಟಿ. ಪ್ಯಾನೆಲ್ ಹೋಯ್ತು ಅಂತ ಅರ್ಧ ಜನ, ಸೆಟಪ್ ಬಾಕ್ಸ್ ಹೋಯ್ತು ಅಂತ ಇನ್ನರ್ಧ. ಮದ್ದೂರಿನಿಂದ ಮಳವಳ್ಳಿವರೆಗೂ ಬೇಕರಿ, ಸಲೂನ್, ಮೊಬೈಲ್ ಅಂಗಡಿಗಳಲ್ಲಿ ಬೆಳಗಿಂದ ರಾತ್ರಿವರೆಗೆ ಒಂದೇ ಚಾನೆಲ್ ಓಡ್ತಿರುತ್ತೆ. ಅಲ್ಲೆಲ್ಲ ಇದೇ ನೆರಳು ನೋಡಿರ್ತೀರಿ.

ಟಿವಿ ಗಾಜಿನೊಳಗೆ ದ್ರವ ಹರಳಿನ ಪದರ ಇರೋದು ಸುಮಾರು 4 ಮೈಕ್ರೋಮೀಟರ್ ದಪ್ಪ. ಕೂದಲು ಅದಕ್ಕಿಂತ ಹತ್ತು ಹದಿನೈದು ಪಟ್ಟು ದಪ್ಪ. ಎರಡೂ ಕಡೆ ಗಾಜಿಗೆ ಪಾಲಿಮರ್ ಬಳಿದು, ಮಖಮಲ್ಲಿನಂಥ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಉಜ್ಜಿರ್ತಾರೆ. ಅಣುಗಳು ಆ ದಿಕ್ಕಿಗೆ ಮಲಗ್ತವೆ. ಆಚೆ ಈಚೆ ಒಂದೊಂದು ಪೋಲರೈಸರ್. ವೋಲ್ಟೇಜ್ ಕೊಟ್ರೆ ಅಣು ತಿರುಗುತ್ತೆ, ಅದರ ಜೊತೆ ಬೆಳಕಿನ ಕಂಪನದ ದಿಕ್ಕೂ ಬದಲಾಗುತ್ತೆ, ಆಚೆ ಪೋಲರೈಸರ್ ದಾಟೋ ಬೆಳಕು ಹೆಚ್ಚುಕಮ್ಮಿ ಆಗುತ್ತೆ. ಚಿತ್ರ ಅಂದ್ರೆ ಅಷ್ಟೇ. ಅಣು ಬೆಳಕು ಕೊಡಲ್ಲ, ಹಿಂದಿನ ಎಲ್‌ಇಡಿ ಬೆಳಕಿಗೆ ಬಾಗಿಲು ಕಾಯುತ್ತೆ.

ಈ ವೋಲ್ಟೇಜ್ ಡಿಸಿ ಆಗಿರಬಾರದು. ದ್ರವ ಅಂದಮೇಲೆ ಅದರಲ್ಲಿ ಸ್ವಲ್ಪವಾದ್ರೂ ಕೊಳೆ ಅಯಾನುಗಳು ಇದ್ದೇ ಇರ್ತವೆ. ಡಿಸಿ ಕೊಟ್ರೆ ಪಾಸಿಟಿವ್ ಒಂದು ಗೋಡೆಗೆ, ನೆಗೆಟಿವ್ ಇನ್ನೊಂದು ಗೋಡೆಗೆ ಹೋಗಿ ಕೂರ್ತವೆ. ಅದಕ್ಕೇ ಪ್ರತಿ ಫ್ರೇಮಿಗೂ ಪ್ಲಸ್ ಮೈನಸ್ ಅದಲುಬದಲು ಮಾಡ್ತಾರೆ, ಅಂದ್ರೆ ಎಸಿ. 1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 90 ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಎಸಿ ಕಳಿಸಿದ ಜಿಲ್ಲೆ ನಮ್ಮದು, ಎಸಿ ಮಹಿಮೆ ಯಾರೂ ನಮಗೆ ಹೇಳಿಕೊಡಬೇಕಿಲ್ಲ! ಆದರೆ ಪ್ಲಸ್ಸೂ ಮೈನಸ್ಸೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಮಾಡೋದು ಕಷ್ಟ. ಒಂದೇ ಲೋಗೋ, ಒಂದೇ ನ್ಯೂಸ್ ಪಟ್ಟಿ ಗಂಟೆಗಟ್ಟಲೆ ಅದೇ ಜಾಗದಲ್ಲಿದ್ರೆ, ಮಿಕ್ಕಿರೋ ಆ ಚೂರು ಡಿಸಿ ಅಲ್ಲಿ ಅಯಾನುಗಳನ್ನ ಒಟ್ಟು ಮಾಡುತ್ತೆ. ಚಾನೆಲ್ ಬದಲಾದ್ರೂ ಆ ಅಯಾನುಗಳು ಮಾಡಿದ ವೋಲ್ಟೇಜ್ ಉಳಿದಿರುತ್ತೆ. ನೆರಳು ಅಂದ್ರೆ ಅದು.

ಹಾಗಾಗಿ ಔಷಧಿಯೂ ಅಲ್ಲೇ ಇದೆ. ಟಿವಿಯನ್ನ ಕೆಲವು ಗಂಟೆ ಪೂರ್ತಿ ಆಫ್ ಮಾಡಿಡಿ. ಇಲ್ಲಾಂದ್ರೆ ಪರದೆ ತುಂಬ ಬಿಳಿ ಅಥವಾ ಓಡಾಡೋ ಚಿತ್ರ ಹಾಕಿಬಿಡಿ, ಅಯಾನುಗಳು ಚದುರ್ತವೆ. ನೆರಳು ಹೋಯ್ತಾ ಇಲ್ವಾ ನೋಡೋಕೆ ಬಿಳಿ ಅಥವಾ ಕಪ್ಪು ಚಿತ್ರ ಹಾಕಬೇಡಿ, ಬೂದು ಹಾಕಿ. ಯಾಕಂದ್ರೆ ವೋಲ್ಟೇಜಿನ ಸಣ್ಣ ವ್ಯತ್ಯಾಸಕ್ಕೆ ಬೆಳಕು ಹೆಚ್ಚು ಬದಲಾಗೋದು ಆ ನಡುಭಾಗದಲ್ಲೇ. ಹಳೇ ಪ್ಲಾಸ್ಮಾ ಟಿವಿ, ಈಗಿನ ಓಲೆಡ್‌ಗಳಲ್ಲಿ ಬೆಳಕು ಕೊಡೋ ವಸ್ತುವೇ ಸವೆದು ಗುರುತು ಬೀಳುತ್ತೆ, ಅದು ವಾಪಸ್ ಬರಲ್ಲ. ಎಲ್‌ಸಿಡಿ ನೆರಳು ಸಾಮಾನ್ಯವಾಗಿ ಹೋಗುತ್ತೆ. ದಿನಗಟ್ಟಲೆ ಬಿಟ್ಟರೂ ಹೋಗದಿದ್ರೆ ಮಾತ್ರ ರಿಪೇರಿಯವರ ಹತ್ತಿರ ಆ ಪ್ಲಸ್ ಮೈನಸ್ ಸಮತೋಲನ ನೋಡಿಸಬೇಕು.

ಕಪ್ಪು ಪಟ್ಟಿಯದ್ದು ಬೇರೆ ವಿಷಯ. ರಿಮೋಟ್‌ನಲ್ಲಿ ಮೆನು ಒತ್ತಿ, ಟಿವಿಯ ಸ್ವಂತ ಮೆನು. ಅದು ಕಪ್ಪು ಪಟ್ಟಿಯ ಮೇಲೂ ಚೆನ್ನಾಗಿ ಕಂಡ್ರೆ ಪ್ಯಾನೆಲ್ ಗಟ್ಟಿ ಇದೆ, ತೊಂದರೆ ಚಿತ್ರದ ಅಳತೆಯದ್ದು. 1954ರ ಬೇಡರ ಕಣ್ಣಪ್ಪನ ಕಾಲದ ಸಿನಿಮಾ ಚೌಕ ಹೆಚ್ಚುಕಡಿಮೆ 4:3, ಈಗಿನ ಟಿವಿ 16:9. ಲೆಕ್ಕ ಹಾಕಿ: ಎರಡೂ ಬದಿ ಸೇರಿ ಪರದೆಯ ಕಾಲು ಭಾಗ ಖಾಲಿ. ಎಳೆದು ತುಂಬಿಸಿದ್ರೆ ಅಣ್ಣಾವ್ರು ದಪ್ಪ ಕಾಣ್ತಾರೆ, ಅದಕ್ಕಿಂತ ಪಟ್ಟಿಯೇ ವಾಸಿ. ಸೆಟಪ್ ಬಾಕ್ಸೂ ಟಿವಿಯೂ ಎರಡೂ ಅಳತೆ ಬದಲಿಸೋಕೆ ಹೋಗಿ ನಾಲ್ಕೂ ಕಡೆ ಪಟ್ಟಿ ಬರೋದೂ ಉಂಟು. ಆಗ ಒಂದು ಕಡೆ ಮಾತ್ರ ಸೆಟ್ಟಿಂಗ್ ಇಟ್ಟು ಇನ್ನೊಂದನ್ನ ಒರಿಜಿನಲ್‌ಗೆ ಬಿಡಿ. ಆದರೆ ಮೆನುವೂ ಅಲ್ಲಿ ಕತ್ತರಿಸಿದ ಹಾಗೆ ಕಂಡ್ರೆ, ಅದು ಗಾಜಿನ ಅಂಚಿಗೆ ಅಂಟಿಸಿರೋ ತೆಳು ಫಿಲ್ಮಿನ ಡ್ರೈವರ್ ಐಸಿ ಅಥವಾ ಅದರ ಅಂಟು ಬಿಟ್ಟಿರೋದು. ಅಷ್ಟು ಕಂಬಸಾಲುಗಳಿಗೆ ವೋಲ್ಟೇಜ್ ಹೋಗ್ತಿಲ್ಲ. ವೋಲ್ಟೇಜ್ ಇಲ್ಲದಾಗ ಕಪ್ಪಗಿರೋ ಐಪಿಎಸ್, ವಿಎ ಪ್ಯಾನೆಲ್‌ನಲ್ಲಿ ಅದು ಕಪ್ಪು ಪಟ್ಟಿ, ಟಿಎನ್ ಮಾನಿಟರ್‌ನಲ್ಲಿ ಬಿಳಿ ಪಟ್ಟಿ. ಅದಕ್ಕೆ ಬಾಂಡಿಂಗ್ ಮೆಷೀನ್ ಬೇಕು, ಸೋಲ್ಡರಿಂಗ್ ಐರನ್ ಹಿಡ್ಕೊಂಡು ಹೋಗಬೇಡಿ. ನಮ್ಮ ಹಾಸ್ಟೆಲ್‌ನದ್ದು ಮೊದಲನೇ ಜಾತಿ. ಎರಡು ತೊಂದರೆಗೂ ಒಂದು ನಂಟೂ ಇತ್ತು: ತಿಂಗಳುಗಟ್ಟಲೆ ಹಾಗೇ ಪಟ್ಟಿ ಬಿಟ್ಟರೆ, ಅಳತೆ ಸರಿ ಮಾಡಿದ ಮೇಲೂ ಪಟ್ಟಿಯ ಅಂಚೇ ನೆರಳಾಗಿ ಸ್ವಲ್ಪ ದಿನ ಕಾಣುತ್ತೆ.

ಇನ್ನೊಂದು. ಏಪ್ರಿಲ್ ಬಿಸಿಲಲ್ಲಿ ಗಾಡಿಯ ಡಿಜಿಟಲ್ ಮೀಟರೋ, ಕಾರಿನಲ್ಲಿ ಬಿಟ್ಟ ಪರದೆಯೋ ಮಚ್ಚೆಮಚ್ಚೆಯಾಗಿ ಕಪ್ಪಾಗಿ, ನೆರಳಿಗೆ ತಂದ ಮೇಲೆ ಸರಿಹೋಗೋದನ್ನ ನೋಡಿದ್ರೆ, ಅದೇ ರೈನಿಟ್ಜರ್ ಅವರ ಎರಡನೇ ಕರಗೋ ಬಿಂದು. ಆರ್ಡರ್ ಪ್ಯಾರಾಮೀಟರ್ ಸೊನ್ನೆಗೆ ಬಿತ್ತು, ಬೆಳಕು ತಿರುಗಿಸೋರು ಯಾರೂ ಇಲ್ಲ. ಮೈಸೂರಲ್ಲಿ ಕೂತು ಲೆಕ್ಕ ಹಾಕಿದ್ದು ಇದನ್ನೇ.

1970ರ ನವೆಂಬರ್‌ನಲ್ಲಿ ರಾಮನ್ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು, ದ್ರವ ಹರಳಿನ ಲ್ಯಾಬ್ ಕಟ್ಟೋಕೆ. ಮೈಸೂರಿನಿಂದ ಬೆಂಗಳೂರಿಗೆ ಹೋಗೋದಕ್ಕೆ ಆಗ ಮಂಡ್ಯ, ಮದ್ದೂರು ದಾರಿ. ಇಲ್ಲಾಂದ್ರೆ ಬನ್ನೂರು, ಮಳವಳ್ಳಿ, ಕನಕಪುರ. ಯಾವ ದಾರಿ ಹಿಡಿದ್ರೂ ನಮ್ಮ ಜಿಲ್ಲೆ ದಾಟಲೇಬೇಕಿತ್ತು. ಅಷ್ಟು ಮಟ್ಟಿಗೆ ಅವರು ನಮ್ಮವರೂ ಹೌದು ಅಂತ ನನ್ನ ವಾದ.

ಬೆಂಗಳೂರಲ್ಲಿ ಅವರು ಮಾಡಿದ ದೊಡ್ಡ ಕೆಲಸ, ಭೌತಶಾಸ್ತ್ರದ ಲ್ಯಾಬ್ ಒಳಗೆ ರಸಾಯನಶಾಸ್ತ್ರವನ್ನ ತಂದಿದ್ದು. ಬೇರೆಯವರು ಮಾಡಿದ ಅಣು ತರಿಸಿಕೊಂಡು ಅಳೀತಾ ಕೂತ್ರೆ, ಬೇರೆಯವರು ಯೋಚಿಸಿದ್ದನ್ನಷ್ಟೇ ಅಳೆಯಬಹುದು. ತಮಗೆ ಬೇಕಾದ ಅಣುವನ್ನ ತಾವೇ ಮಾಡಿಕೊಳ್ಳೋ ವ್ಯವಸ್ಥೆ ಅಲ್ಲಿತ್ತು. 1973ರ ಡಿಸೆಂಬರ್‌ನಲ್ಲೇ ಅಲ್ಲೊಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೆಸಿದರು. ಲ್ಯಾಬ್ ಶುರುವಾಗಿ ಎರಡು ವರ್ಷಕ್ಕೆ!

1977 ಅವರ ವರ್ಷ. ಲಿಕ್ವಿಡ್ ಕ್ರಿಸ್ಟಲ್ಸ್ ಅನ್ನೋ ಅವರ ಪುಸ್ತಕ ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು. ಅದೇ ವರ್ಷ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. 1888ರಿಂದ 89 ವರ್ಷ ಎಲ್ಲರೂ ನಂಬಿದ್ದು, ಇಂಥ ದ್ರವ ಹರಳಾಗಬೇಕಾದ್ರೆ ಅಣು ಕಡ್ಡಿ ಥರ ಉದ್ದಕ್ಕೆ ಇರಬೇಕು ಅಂತ. ಕಬ್ಬಿನ ಜಲ್ಲೆ ಥರ. ಇವರು ಬೆಂಜೀನ್ ಉಂಗುರದ ಸುತ್ತ ಆರು ಬಾಲ ಕಟ್ಟಿ, ತಟ್ಟೆಯಂಥ ಅಣು ಮಾಡಿ ಬಿಸಿ ಮಾಡಿದರು. ಕೆಲವೇ ಡಿಗ್ರಿಗಳ ಅಂತರದಲ್ಲಿ ಅದೂ ದ್ರವ ಹರಳಾಯ್ತು. ಎಕ್ಸ್-ರೇಯಲ್ಲಿ ನೋಡಿದ್ರೆ ತಟ್ಟೆಗಳು ಒಂದರ ಮೇಲೊಂದು ಕೂತು ಕಂಬಗಳಾಗಿವೆ, ಕಂಬಗಳೆಲ್ಲ ಜೇನುಗೂಡಿನ ಲೆಕ್ಕದಲ್ಲಿ ನಿಂತಿವೆ. ಮದ್ದೂರು ವಡೆಯನ್ನ ಅಡುಕಿ ಅಡುಕಿ ಪಕ್ಕಪಕ್ಕ ನಿಲ್ಲಿಸಿದ ಹಾಗೆ. ಸಾಲು ಅಚ್ಚುಕಟ್ಟು, ಆದರೆ ಒಂದೊಂದು ಅಡುಕಿನೊಳಗೆ ವಡೆ ವಡೆಗೆ ಅಂತರ ಒಂದೇ ಸಮ ಇಲ್ಲ. ಅಷ್ಟು ಸಡಿಲ ಇರೋದರಿಂದಲೇ ಅದು ದ್ರವ. ಇದನ್ನು ಡಿಸ್ಕಾಟಿಕ್ ಅಂತಾರೆ. ಪ್ರಕಟವಾದದ್ದು ಪ್ರಮಾಣ ಅನ್ನೋ ಪತ್ರಿಕೆಯಲ್ಲಿ, ಬೆಂಗಳೂರಿನದೇ. ಹೊರದೇಶದ ದೊಡ್ಡ ಜರ್ನಲ್‌ಗೆ ಹಾಕದಿದ್ರೆ ಯಾರೂ ನೋಡಲ್ಲ ಅನ್ನೋರಿಗೆ ಇದನ್ನ ಹೇಳಬೇಕು. ಜಗತ್ತು ಬೆಂಗಳೂರಿನ ಪತ್ರಿಕೆ ಹುಡುಕಿಕೊಂಡು ಬಂದು ಓದಿತು. 1982ರಲ್ಲಿ ದ್ರವ ಹರಳಿನ ವಿಶ್ವ ಸಮ್ಮೇಳನವೇ ಬೆಂಗಳೂರಿಗೆ ಬಂತು.

ತಟ್ಟೆ ಅಣುವಿನಿಂದ ಏನು ಪ್ರಯೋಜನ? ಆಗ ಏನೂ ಇರಲಿಲ್ಲ. ಹಳೇ ಟಿಎನ್ ಮಾನಿಟರನ್ನ ಪಕ್ಕದಿಂದ ನೋಡಿದ್ರೆ ಬಣ್ಣ ತಿರುಗಿಮುರುಗಿ ಆಗೋದು ಗೊತ್ತಲ್ಲ, ಅಡ್ಡಡ್ಡ ನೋಡೋವಾಗ ಕಡ್ಡಿ ಅಣುಗಳು ಬೆಳಕನ್ನ ಬೇರೆ ಅಳತೆಯಲ್ಲಿ ತಿರುಗಿಸೋದೇ ಅದಕ್ಕೆ ಕಾರಣ. ಇದಕ್ಕೆ ಉಲ್ಟಾ ಆಕಾರದ ಅಣು ಇದ್ರೆ ತಪ್ಪನ್ನ ತಪ್ಪಿನಿಂದಲೇ ಸರಿ ಮಾಡಬಹುದು. ಕಡ್ಡಿಗೆ ಉಲ್ಟಾ ಯಾವುದು? ತಟ್ಟೆ. 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿ ಕಂಪನಿ ಡಿಸ್ಕಾಟಿಕ್ ಅಣುಗಳ ತೆಳುವಾದ ಫಿಲ್ಮ್ ಮಾಡಿ ಪೋಲರೈಸರ್‌ಗೆ ಅಂಟಿಸಿತು. ಪಕ್ಕದಿಂದ ನೋಡಿದ್ರೂ ಚಿತ್ರ ಚಿತ್ರದ ಹಾಗೆ ಕಾಣೋಕೆ ಶುರುವಾಯ್ತು. ಅದರಲ್ಲಿರೋದು ಬೆಂಗಳೂರಲ್ಲಿ ಮಾಡಿದ್ದೇ ಅಣು ಅಲ್ಲ, ಬೇರೆ. ನಡುವೆ ತುಂಬ ಜನರ ಕೆಲಸ ಇದೆ. ಐಪಿಎಸ್ ಟಿವಿಗಳು ಪಕ್ಕದ ನೋಟಕ್ಕೆ ಬೇರೆ ಉಪಾಯ ಬಳಸ್ತವೆ. ಆದರೂ ಅಣು ತಟ್ಟೆಯಾಗಿದ್ರೂ ದ್ರವ ಹರಳಾಗುತ್ತೆ ಅಂತ ಮೊದಲು ತೋರಿಸಿದ ಊರು ಬೆಂಗಳೂರು. ಫಿಲ್ಮ್ ಮಾತ್ರ ಜಪಾನಿನದು, ಪ್ಯಾನೆಲ್ ಆಮದು, ನಾವು ಎಸ್.ಪಿ. ರೋಡ್‌ನಲ್ಲಿ ಚೌಕಾಸಿ ಮಾಡಿ ತರೋದು.

ಈ ಅಂತರ ಅವರಿಗೂ ಕಾಣದೇ ಇರಲಿಲ್ಲ ಅನ್ನೋದಕ್ಕೆ ರಿಟೈರ್ ಆದಮೇಲೆ ಮಾಡಿದ ಕೆಲಸವೇ ಸಾಕ್ಷಿ. 1990ರಲ್ಲಿ ನಿವೃತ್ತಿ. ಅದೇ ವರ್ಷ ಅಂತಾರಾಷ್ಟ್ರೀಯ ದ್ರವ ಹರಳು ಸೊಸೈಟಿ ಹುಟ್ಟಿತು, ಅದರ ಮೊದಲ ಅಧ್ಯಕ್ಷರೂ ಇವರೇ. ಆಮೇಲೆ ಮನೇಲಿ ಕೂತು ಪುಸ್ತಕದ ಎರಡನೇ ಆವೃತ್ತಿ ತಿದ್ದಿಕೊಂಡಿರಬಹುದಿತ್ತು. ಅದನ್ನೂ ಮಾಡಿದರು, 1992ರಲ್ಲಿ ಬಂತು. ಆದರೆ ಅದಕ್ಕೂ ಮೊದಲೇ, 1991ರಲ್ಲಿ, 60 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು ಮಾಡಿ, ಜಾಲಹಳ್ಳಿಯಲ್ಲಿ ಬಿಇಎಲ್ ಕೊಟ್ಟ ಕಟ್ಟಡದಲ್ಲಿ ದ್ರವ ಹರಳು ಸಂಶೋಧನಾ ಕೇಂದ್ರ ಕಟ್ಟಿದರು. ಡಿಸ್‌ಪ್ಲೇ ಮಾಡೋ ಕಾರ್ಖಾನೆಯ ಪಕ್ಕದಲ್ಲೇ ಲ್ಯಾಬ್. ಅವರ ಬದುಕಿನಲ್ಲಿ ನನಗೆ ತುಂಬ ಇಷ್ಟವಾಗೋದು ಈ ಭಾಗ. 1994ರ ರಾಯಲ್ ಮೆಡಲ್, 1998ರ ಪದ್ಮಭೂಷಣ ಎಲ್ಲ ಇದರ ನಂತರ ಬಂದವು.

ಚಂದ್ರಶೇಖರ್ ತೀರಿಕೊಂಡದ್ದು 2004ರ ಮಾರ್ಚ್ 8ರಂದು, ಬೆಂಗಳೂರಿನಲ್ಲಿ, 73ನೇ ವಯಸ್ಸಿನಲ್ಲಿ. ಆಗ ನಮ್ಮ ಕಡೆ ಮನೆಗಳಲ್ಲಿ ಇದ್ದದ್ದು ಹೆಚ್ಚಾಗಿ ಡಬ್ಬಾ ಟಿವಿ. ಎಲ್‌ಸಿಡಿ ಟಿವಿ ಜಗತ್ತಿನ ಮಾರಾಟದಲ್ಲಿ ಡಬ್ಬಾ ಟಿವಿಯನ್ನ ಹಿಂದೆ ಹಾಕಿದ್ದು ಅದಾಗಿ ಮೂರ್ನಾಲ್ಕು ವರ್ಷಕ್ಕೆ. ಜಾಲಹಳ್ಳಿಯ ಆ ಕೇಂದ್ರ ಈಗಲೂ ಬೆಂಗಳೂರಲ್ಲೇ ಇದೆ, ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರ ಅನ್ನೋ ಹೆಸರಿನಲ್ಲಿ.